ಹಳೇ ಹಾಲಿವುಡ್ ನಿರ್ಮಾಪಕನ ಜಾಡು ಹಿಡಿಯೋದು ಹೇಗೆ?

1930-40ರ ದಶಕದ ಹಾಲಿವುಡ್ ಚಿತ್ರಗಳನ್ನು ಹುಡುಕಿ ನೋಡುವವರು ಹೆಚ್ಚಾಗಿ ನಿರ್ದೇಶಕರ ಹೆಸರು ಹಿಡಿದು ಹೋಗುತ್ತಾರೆ. ಇಲ್ಲಾಂದ್ರೆ ನಟನಟಿಯರ ಹೆಸರು. ತಪ್ಪೇನಿಲ್ಲ. ಆದರೆ ಆ ಕಾಲದಲ್ಲಿ ಕಥೆ ಆರಿಸುತ್ತಿದ್ದವನು, ಬರಹಗಾರರನ್ನು ಒಬ್ಬರಾದ ಮೇಲೊಬ್ಬರಂತೆ ಬದಲಾಯಿಸುತ್ತಿದ್ದವನು, ಬೇಕೆನಿಸಿದರೆ ನಿರ್ದೇಶಕನನ್ನೇ ನಡುದಾರಿಯಲ್ಲಿ ಮನೆಗೆ ಕಳಿಸುತ್ತಿದ್ದವನು, ಕೊನೆಗೆ ಎಡಿಟಿಂಗ್ ಕೋಣೆಯಲ್ಲಿ ಕೂತು ಇದು ಇರಲಿ ಅದು ಹೋಗಲಿ ಅನ್ನುತ್ತಿದ್ದವನು ಬಹಳ ಸಲ ನಿರ್ಮಾಪಕನೇ. ಅವನನ್ನು ಹಿಂಬಾಲಿಸಿದರೆ ಅವೇ ಚಿತ್ರಗಳು ಬೇರೆಯೇ ಗುಂಪುಗಳಾಗಿ ಕಾಣುತ್ತವೆ. ಆದರೆ ಹಿಂಬಾಲಿಸೋದು ಸುಲಭ ಅಲ್ಲ. ಎಷ್ಟೋ ಕಡೆ ಪರದೆ ಮೇಲೆ ಹೆಸರೇ ಇರುವುದಿಲ್ಲ, ಇದ್ದರೂ ಆ ಹುದ್ದೆಗೆ ಏನರ್ಥ ಅಂತ ಗೊತ್ತಾಗುವುದಿಲ್ಲ.

ಮೊದಲು ಒಂದು ವಿಷಯ ತಲೆಯಲ್ಲಿಟ್ಟುಕೊಳ್ಳಿ. ಸ್ಟುಡಿಯೋ ಕಾಲದ ನಿರ್ಮಾಪಕ ಸಾಮಾನ್ಯವಾಗಿ ಸ್ವಂತ ದುಡ್ಡು ಹಾಕಿದವನಲ್ಲ. ಅವನು ಸಂಬಳದ ನೌಕರ. ಒಪ್ಪಂದ ಇರುತ್ತಿತ್ತು, ವಾರದ ಸಂಬಳ ಇರುತ್ತಿತ್ತು, ಮೇಲೆ ಬಾಸ್ ಇರುತ್ತಿದ್ದ. ಆ ಬಾಸ್‌ಗೂ ಬಾಸ್ ನ್ಯೂಯಾರ್ಕ್‌ನಲ್ಲಿ. ಎಂಜಿಎಂ ಸ್ಟುಡಿಯೋದ ದೊಡ್ಡ ದನಿ ಲೂಯಿ ಬಿ. ಮೇಯರ್ ಅಂತ ಎಲ್ಲರಿಗೂ ಗೊತ್ತು, ಆದರೆ ಅವನ ಮೇಲೆ, ಎಂಜಿಎಂನ ಮಾಲೀಕ ಸಂಸ್ಥೆಯಾದ ಲೋಸ್ ಕಂಪನಿಯ ನಿಕೊಲಸ್ ಶೆಂಕ್ ಇದ್ದ. 1951ರಲ್ಲಿ ಮೇಯರ್ ಮತ್ತು ಅಲ್ಲಿನ ನಿರ್ಮಾಣ ಮುಖ್ಯಸ್ಥ ಡೋರ್ ಶಾರಿ ಕಿತ್ತಾಡಿದಾಗ ಶೆಂಕ್ ಶಾರಿ ಪರ ನಿಂತ, ಮೇಯರ್ ಹೊರಗೆ ಹೋದ. ಆದ್ದರಿಂದ ಯಾವ ನಿರ್ಮಾಪಕನ ಬಗ್ಗೆ ಓದುವಾಗಲೂ ಕೇಳಿಕೊಳ್ಳಬೇಕಾದದ್ದು ಒಂದೇ: ಇವನಿಗೆ 'ಬೇಡ' ಅನ್ನುವ ಅಧಿಕಾರ ಯಾರಿಗಿತ್ತು? ಇವನು ಯಾರಿಗೆ 'ಬೇಡ' ಅನ್ನಬಹುದಿತ್ತು?

ಒಂದು ಪಟ್ಟಿ ಮಾಡಿಕೊಳ್ಳಿ

ಕಾಗದ ಆದರೂ ಸರಿ, ಸ್ಪ್ರೆಡ್‌ಶೀಟ್ ಆದರೂ ಸರಿ. ವರ್ಷ, ಸ್ಟುಡಿಯೋ, ಹುದ್ದೆ, ಅವನ ಬಾಸ್ ಯಾರು, ಚಿತ್ರ, ಶೂಟಿಂಗ್ ನಡೆದ ತಿಂಗಳು, ಬಿಡುಗಡೆ ದಿನ, ಖರ್ಚು ಗೊತ್ತಿದ್ದರೆ ಖರ್ಚು. ಬಾಸ್ ಕಾಲಂ ಮಾತ್ರ ಬಿಡಬೇಡಿ. ಶೂಟಿಂಗ್ ತಿಂಗಳನ್ನೂ ಬಿಡಬೇಡಿ, ಯಾಕಂದ್ರೆ ಬಿಡುಗಡೆ ದಿನ ಮೋಸ ಮಾಡುತ್ತದೆ. ನಿರ್ಮಾಪಕ ಸ್ಟುಡಿಯೋ ಬಿಟ್ಟು ಹೋದ ಮೇಲೂ ಅವನು ಶುರು ಮಾಡಿದ ಚಿತ್ರಗಳು ತಿಂಗಳುಗಟ್ಟಲೆ ಬಿಡುಗಡೆ ಆಗುತ್ತಲೇ ಇರುತ್ತವೆ. ವಾರ್ನರ್ ಬ್ರದರ್ಸ್‌ನ ನಿರ್ಮಾಣ ಮುಖ್ಯಸ್ಥ ಡ್ಯಾರಿಲ್ ಜಾನಕ್ 1933ರ ಏಪ್ರಿಲ್‌ನಲ್ಲಿ ಆ ಸ್ಟುಡಿಯೋ ಬಿಟ್ಟ. ಆರ್ಥಿಕ ಕುಸಿತದ ಹೆಸರಲ್ಲಿ ನೌಕರರ ಸಂಬಳ ಕಡಿತ ಮಾಡಿದ್ದರು, ಅದನ್ನು ವಾಪಸ್ ಕೊಡುವ ವಿಚಾರದಲ್ಲಿ ಜಗಳ ಆಯಿತು. ಆ ವರ್ಷದ ವಾರ್ನರ್ ಚಿತ್ರಗಳಲ್ಲಿ ಯಾವುದು ಅವನದು, ಯಾವುದು ಅವನ ನಂತರ ಬಂದ ಹಾಲ್ ವಾಲಿಸ್‌ದು ಅಂತ ಬಿಡಿಸಬೇಕಾದರೆ ಬಿಡುಗಡೆ ದಿನ ಸಾಲದು.

ಪಟ್ಟಿ ತುಂಬಿಸಲು ಮೊದಲ ಜಾಗ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನ ಕ್ಯಾಟಲಾಗ್. ಆನ್‌ಲೈನಲ್ಲಿ ಉಚಿತ. ಶೂಟಿಂಗ್ ದಿನಾಂಕ, ಪರದೆ ಮೇಲೆ ಬರದ ಹೆಸರುಗಳು, ಚಿತ್ರದ ಕೆಲಸದ ಹೆಸರು (ತಯಾರಿ ಸಮಯದ ತಾತ್ಕಾಲಿಕ ಹೆಸರು), ಮಧ್ಯದಲ್ಲಿ ಬದಲಾದವರು, ಎಲ್ಲವೂ ಒಂದು ಟಿಪ್ಪಣಿಯಲ್ಲಿ ಸಿಗುತ್ತವೆ. ಮಾಮೂಲಿ ಸಿನಿಮಾ ಜಾಲತಾಣಗಳ ಪಟ್ಟಿಯನ್ನು ಹಾಗೇ ಎತ್ತಿಕೊಳ್ಳಬೇಡಿ. ಅಲ್ಲಿ ಎಲ್ಲಾ ಹುದ್ದೆಗಳನ್ನೂ ಒಂದೇ ರಾಶಿಗೆ ಹಾಕಿರುತ್ತಾರೆ.

ಹುದ್ದೆಯ ಹೆಸರನ್ನು ನಂಬಬೇಡಿ

ನಿಜವಾದ ಕೆಲಸ ಇರೋದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನಕ್ಕೆ ಹೋಗೋಣ.

ಇರ್ವಿಂಗ್ ಥಾಲ್ಬರ್ಗ್‌ನಿಂದ ಶುರು ಮಾಡಿ. 1899ರಲ್ಲಿ ಬ್ರೂಕ್ಲಿನ್‌ನಲ್ಲಿ ಹುಟ್ಟಿದವನು, ಇಪ್ಪತ್ತರ ಆಸುಪಾಸಿನಲ್ಲೇ ಯೂನಿವರ್ಸಲ್ ಸ್ಟುಡಿಯೋದ ಉಸ್ತುವಾರಿ ಹೊತ್ತ. 1922ರಲ್ಲಿ ಎರಿಕ್ ವಾನ್ ಸ್ಟ್ರೋಹೈಮ್ ಅಂಥ ದೊಡ್ಡ ನಿರ್ದೇಶಕನನ್ನು ಶೂಟಿಂಗ್ ನಡುವೆಯೇ ತೆಗೆದುಹಾಕಿದ. ಯಾರ ಮಾತು ನಡೆಯುತ್ತದೆ ಅನ್ನುವುದು ಅವತ್ತೇ ಊರಿಗೆಲ್ಲಾ ಗೊತ್ತಾಯಿತು. 1924ರಲ್ಲಿ ಎಂಜಿಎಂ ಹುಟ್ಟಿದಾಗಿನಿಂದ ಅದರ ನಿರ್ಮಾಣ ವಿಭಾಗದ ಮುಖ್ಯಸ್ಥ. ಆದರೆ ಬದುಕಿರುವವರೆಗೂ ಎಂಜಿಎಂ ಚಿತ್ರಗಳ ಪರದೆ ಮೇಲೆ ನಿರ್ಮಾಪಕ ಅಂತ ತನ್ನ ಹೆಸರು ಹಾಕಿಸಿಕೊಳ್ಳಲೇ ಇಲ್ಲ. 1936ರ ಸೆಪ್ಟೆಂಬರ್‌ನಲ್ಲಿ, 37ನೇ ವಯಸ್ಸಿಗೆ ತೀರಿಕೊಂಡ. 1937ರಲ್ಲಿ ಬಂದ 'ದಿ ಗುಡ್ ಅರ್ಥ್' ಚಿತ್ರವನ್ನು ಅವನ ನೆನಪಿಗೆ ಅರ್ಪಿಸಿದಾಗ ಹೆಸರು ಪರದೆಗೆ ಬಂತು. ಪರದೆ ಮೇಲಿನ ಹೆಸರನ್ನೇ ಲೆಕ್ಕ ಹಿಡಿದರೆ ಆ ಕಾಲದ ಅತಿ ಪ್ರಭಾವಿ ನಿರ್ಮಾಪಕ ಏನೂ ಮಾಡಿಲ್ಲ ಅಂತ ಆಗುತ್ತದೆ.

ಥಾಲ್ಬರ್ಗ್ ಕೈಕೆಳಗೆ ಹಂಟ್ ಸ್ಟ್ರಾಂಬರ್ಗ್, ಹ್ಯಾರಿ ರಾಫ್, ಬರ್ನಾರ್ಡ್ ಹೈಮನ್, ಆಲ್ಬರ್ಟ್ ಲೆವಿನ್ ಅಂಥವರಿದ್ದರು. ಅವರನ್ನು 'ಸೂಪರ್‌ವೈಸರ್' ಅನ್ನುತ್ತಿದ್ದರು. ಚಿತ್ರಗಳನ್ನು ಆಳಾಳಿಗೆ ಹಂಚಿಕೊಂಡು ದಿನನಿತ್ಯದ ಕೆಲಸ ನೋಡುತ್ತಿದ್ದವರು ಅವರೇ. ಕಥೆ, ಪಾತ್ರವರ್ಗ, ಪ್ರಿವ್ಯೂ ನಂತರದ ಮರುಚಿತ್ರೀಕರಣ, ಇವೆಲ್ಲದರ ಕೊನೆಯ ತೀರ್ಮಾನ ಮಾತ್ರ ಥಾಲ್ಬರ್ಗ್‌ದು. 1932ರ ಕೊನೆಗೆ ಅವನಿಗೆ ಹೃದಯಾಘಾತ ಆಯಿತು. ಅವನು ಚೇತರಿಸಿಕೊಳ್ಳುತ್ತಿದ್ದಾಗ, 1933ರಲ್ಲಿ, ಮೇಯರ್ ವ್ಯವಸ್ಥೆಯನ್ನೇ ಬದಲಿಸಿದ. ಎಲ್ಲದಕ್ಕೂ ಒಬ್ಬನೇ ಮುಖ್ಯಸ್ಥ ಅನ್ನುವುದು ಹೋಗಿ, ತಂತಮ್ಮ ಘಟಕ ಇಟ್ಟುಕೊಂಡ ಹಲವು ನಿರ್ಮಾಪಕರು ಬಂದರು. ವಾಪಸ್ ಬಂದ ಥಾಲ್ಬರ್ಗ್ ಅವರಲ್ಲಿ ಒಬ್ಬನಾದ, ಅಷ್ಟೇ. ನಿಮ್ಮ ಪಟ್ಟಿಯಲ್ಲಿ ಸ್ಟುಡಿಯೋ ಅದೇ, ಆದರೆ 1933ರಲ್ಲಿ ಒಂದು ಗೆರೆ ಎಳೆಯಲೇಬೇಕು.

ವಾರ್ನರ್‌ಗೆ ಬನ್ನಿ, ಪದಗಳೇ ಬೇರೆ. 1941ರ 'ದಿ ಮಾಲ್ಟೀಸ್ ಫಾಲ್ಕನ್' ಟೈಟಲ್ಸ್ ನೋಡಿ: ಹಾಲ್ ವಾಲಿಸ್ 'ಎಕ್ಸಿಕ್ಯುಟಿವ್ ಪ್ರೊಡ್ಯೂಸರ್', ಹೆನ್ರಿ ಬ್ಲಾಂಕ್ 'ಅಸೋಸಿಯೇಟ್ ಪ್ರೊಡ್ಯೂಸರ್'. ಇವತ್ತಿನ ಅರ್ಥದಲ್ಲಿ ಓದಿದರೆ ವಾಲಿಸ್ ಸುಮ್ನೆ ಹೆಸರಿಗೆ ಇದ್ದವನು, ಬ್ಲಾಂಕ್ ಯಾರೋ ಸಹಾಯಕ ಅನಿಸುತ್ತದೆ. ಎರಡೂ ತಪ್ಪು. ವಾಲಿಸ್ ಇಡೀ ಸ್ಟುಡಿಯೋದ ನಿರ್ಮಾಣ ನಡೆಸುತ್ತಿದ್ದ, ಅಂದಂದಿನ ಶೂಟಿಂಗ್‌ನ ಕಚ್ಚಾ ತುಣುಕುಗಳನ್ನು ನೋಡಿ ಮೆಮೊ ಮೇಲೆ ಮೆಮೊ ಕಳಿಸುತ್ತಿದ್ದ. ಬ್ಲಾಂಕ್ ಆ ಚಿತ್ರದ ನಿಜವಾದ ನಿರ್ಮಾಪಕ.

ಮುಂದೆ 1942ರಲ್ಲಿ ವಾಲಿಸ್ ಹೊಸ ಒಪ್ಪಂದ ಮಾಡಿಕೊಂಡ. ಇಡೀ ಸ್ಟುಡಿಯೋ ಜವಾಬ್ದಾರಿ ಬಿಟ್ಟು, ವರ್ಷಕ್ಕೆ ಬೆರಳೆಣಿಕೆಯ ಚಿತ್ರ, ಪರದೆ ಮೇಲೆ ತನ್ನ ಹೆಸರು, ಲಾಭದಲ್ಲಿ ಪಾಲು. ಮೇಲ್ನೋಟಕ್ಕೆ ಕೆಳಗಿಳಿದ ಹಾಗೆ ಕಾಣುತ್ತದೆ. ಆದರೆ ಅವನಿಗೆ ಸಿಕ್ಕಿದ ಹಿಡಿತ ಜಾಸ್ತಿ. ಆ ಒಪ್ಪಂದದಲ್ಲಿ ಬಂದದ್ದೇ 'ಕಾಸಾಬ್ಲಾಂಕಾ'. 20,000 ಡಾಲರ್‌ಗೆ ಕೊಂಡ ನಾಟಕ, ಅಲ್ಲಿಯವರೆಗೆ ರಂಗದ ಮೇಲೆ ಬಂದಿರಲೇ ಇಲ್ಲ. ಟೈಟಲ್ಸ್‌ನಲ್ಲಿ ವಾಲಿಸ್ ಹೆಸರೂ ಇದೆ, 'ಎಕ್ಸಿಕ್ಯುಟಿವ್ ಪ್ರೊಡ್ಯೂಸರ್' ಅಂತ ಸ್ಟುಡಿಯೋ ಮುಖ್ಯಸ್ಥ ಜ್ಯಾಕ್ ವಾರ್ನರ್ ಹೆಸರೂ ಇದೆ. 1944ರ ಆಸ್ಕರ್ ಸಮಾರಂಭದಲ್ಲಿ ಅತ್ಯುತ್ತಮ ಚಿತ್ರ ಅಂತ ಘೋಷಣೆ ಆದಾಗ ವಾಲಿಸ್ ಎದ್ದು ಹೊರಡುವಷ್ಟರಲ್ಲಿ ಜ್ಯಾಕ್ ವಾರ್ನರ್ ವೇದಿಕೆ ಹತ್ತಿ ಪ್ರಶಸ್ತಿ ತೆಗೆದುಕೊಂಡಾಗಿತ್ತು. ಅದೇ ವರ್ಷ ವಾಲಿಸ್ ಸ್ಟುಡಿಯೋ ಬಿಟ್ಟ, ಆಮೇಲೆ ಪ್ಯಾರಮೌಂಟ್ ಮೂಲಕ ಸ್ವತಂತ್ರವಾಗಿ ಚಿತ್ರ ಮಾಡಿದ.

ಜ್ಯಾಕ್ ವಾರ್ನರ್ ಮಾಡಿದ್ದು ಒರಟುತನ ನಿಜ, ಆದರೆ ನಿಯಮದ ಪ್ರಕಾರ ತಪ್ಪಲ್ಲ ಅನ್ನೋದನ್ನೂ ಗಮನಿಸಿ. ಆಗ ಅತ್ಯುತ್ತಮ ಚಿತ್ರದ ಪ್ರಶಸ್ತಿ ಹೋಗುತ್ತಿದ್ದದ್ದು ನಿರ್ಮಾಣ ಸಂಸ್ಥೆಗೆ, ವ್ಯಕ್ತಿಗಲ್ಲ. 1951ರ ಚಿತ್ರಗಳಿಂದ ಅದು ನಿರ್ಮಾಪಕನ ಹೆಸರಿಗೆ ಬರತೊಡಗಿತು, ಮೊದಲು ಪಡೆದವನು ಎಂಜಿಎಂನ ಆರ್ಥರ್ ಫ್ರೀಡ್. ಹಾಗಾಗಿ ಅದಕ್ಕೂ ಹಿಂದಿನ ನಿರ್ಮಾಪಕನಿಗೆ ಎಷ್ಟು ಆಸ್ಕರ್ ಬಂತು ಅಂತ ಎಣಿಸೋದು ದಂಡ.

ಒಟ್ಟಿನಲ್ಲಿ ಪ್ರತಿಯೊಬ್ಬನನ್ನೂ ನಾಲ್ಕರಲ್ಲಿ ಒಂದು ಜಾಗಕ್ಕೆ ಹಾಕಿ ನೋಡಿ: ಇಡೀ ಸ್ಟುಡಿಯೋದ ನಿರ್ಮಾಣ ಮುಖ್ಯಸ್ಥ, ದೊಡ್ಡ ಚಿತ್ರಗಳ ಘಟಕ ನಡೆಸುವವನು, ಬಿ ಚಿತ್ರಗಳ (ಕಡಿಮೆ ಖರ್ಚಿನ ಚಿತ್ರಗಳ) ಘಟಕದವನು, ಸ್ವತಂತ್ರ. ಒಬ್ಬನೇ ಮನುಷ್ಯ ಹಲವು ಜಾಗಗಳಿಗೆ ಓಡಾಡಿರುತ್ತಾನೆ, ಯಾವಾಗ ಓಡಾಡಿದ ಅನ್ನೋದೇ ಅವನ ವೃತ್ತಿಯ ಕಥೆ. ವರ್ಜೀನಿಯಾ ವ್ಯಾನ್ ಅಪ್ ನೋಡಿ. ಬರಹಗಾರ್ತಿಯಾಗಿ ಬಂದು, ಕೊಲಂಬಿಯಾದಲ್ಲಿ 1945ರ ಹೊತ್ತಿಗೆ ಎಕ್ಸಿಕ್ಯುಟಿವ್ ಪ್ರೊಡ್ಯೂಸರ್ ಆದಳು, 1946ರ 'ಗಿಲ್ಡಾ' ನಿರ್ಮಿಸಿದಳು. ಆ ಕಾಲದಲ್ಲಿ ಒಬ್ಬ ಹೆಂಗಸು ಅಷ್ಟು ಎತ್ತರಕ್ಕೆ ಹೋಗಿದ್ದು ಅಪರೂಪ. ಬಾಸ್ ಕಾಲಂನಲ್ಲಿ ಮಾತ್ರ ಹ್ಯಾರಿ ಕೋನ್ ಅಂತಲೇ ಬರೆಯಬೇಕು. ಅವನು ಸ್ಟುಡಿಯೋ ಮುಖ್ಯಸ್ಥನೂ ಹೌದು, ಕಂಪನಿ ಅಧ್ಯಕ್ಷನೂ ಹೌದು.

ಪರದೆ ಮೇಲೆ ಕಾಣದ ಕೆಲಸ

ಡೇವಿಡ್ ಓ. ಸೆಲ್ಜ್ನಿಕ್‌ನ ಪಟ್ಟಿ ಮಾಡಿದರೆ ಮೊದಲು ಕಣ್ಣಿಗೆ ಬೀಳೋದು ಅವನ ಅಲೆದಾಟ. ಪ್ಯಾರಮೌಂಟ್, 1931ರಲ್ಲಿ ಆರ್‌ಕೆಓ, 1933ರಲ್ಲಿ ಎಂಜಿಎಂ, 1935ರಲ್ಲಿ ಸ್ವಂತ ಕಂಪನಿ. ಎಂಜಿಎಂಗೆ ಹೋದಾಗ ಅವನು ಮೇಯರ್‌ನ ಅಳಿಯ ಬೇರೆ, ಅದರ ಬಗ್ಗೆ ಊರೆಲ್ಲಾ ಗುಸುಗುಸು. 'ಗಾನ್ ವಿತ್ ದ ವಿಂಡ್' ಕಾದಂಬರಿಯ ಹಕ್ಕಿಗೆ 1936ರಲ್ಲಿ 50,000 ಡಾಲರ್ ಕೊಟ್ಟ. ಶೂಟಿಂಗ್ ಶುರುವಾಗಿ ವಾರಗಳಲ್ಲೇ ಜಾರ್ಜ್ ಕ್ಯೂಕರ್‌ನನ್ನು ತೆಗೆದ, ವಿಕ್ಟರ್ ಫ್ಲೆಮಿಂಗ್ ಬಂದ, ಫ್ಲೆಮಿಂಗ್ ಸುಸ್ತಾಗಿ ಕೂತಾಗ ಸ್ಯಾಮ್ ವುಡ್ ಬಂದ. ನಿರ್ದೇಶಕರು ಮೂವರು, ನಿರ್ಮಾಪಕ ಒಬ್ಬನೇ. ಇದು ಯಾರ ಚಿತ್ರ ಅಂತ ಬೇರೆ ಹೇಳಬೇಕಾ? ಆದರೆ ಅಂಥವನಿಗೂ ಮೇಲೆ ಒಬ್ಬರಿದ್ದರು. ಕ್ಲಾರ್ಕ್ ಗೇಬಲ್ ಬೇಕಿತ್ತು, ಗೇಬಲ್ ಎಂಜಿಎಂ ಒಪ್ಪಂದದಲ್ಲಿದ್ದ. ಗೇಬಲ್ ಜೊತೆ ಎಂಜಿಎಂ 12.5 ಲಕ್ಷ ಡಾಲರ್ ಕೊಟ್ಟಿತು, ಬದಲಿಗೆ ವಿತರಣೆ ಮತ್ತು ಅರ್ಧ ಲಾಭ ತೆಗೆದುಕೊಂಡಿತು. (ಇನ್ನೊಂದು ತಮಾಷೆ: ಅಟ್ಲಾಂಟಾ ಉರಿಯುವ ದೃಶ್ಯಕ್ಕೆ ಸುಟ್ಟ ಹಳೇ ಸೆಟ್‌ಗಳಲ್ಲಿ 'ಕಿಂಗ್ ಕಾಂಗ್' ಚಿತ್ರದ ಗೋಡೆಯೂ ಇತ್ತು. ಆರ್‌ಕೆಓದಲ್ಲಿ ಆ ಚಿತ್ರದ ಎಕ್ಸಿಕ್ಯುಟಿವ್ ಪ್ರೊಡ್ಯೂಸರ್ ಇದೇ ಸೆಲ್ಜ್ನಿಕ್.)

1940 ಆದ ಮೇಲೆ ಅವನ ಹೆಸರಿನ ಚಿತ್ರಗಳು ದಿಢೀರ್ ಕಡಿಮೆ. ಆ ವರ್ಷ 'ರೆಬೆಕಾ' ಬಂತು, ಆಮೇಲೆ 1944ರವರೆಗೆ ಖಾಲಿ. ದಣಿದು ಕೂತ ಅಂದುಕೊಂಡರೆ ಅರ್ಧ ಮಾತ್ರ ನಿಜ. ತೆರಿಗೆ ಲೆಕ್ಕಾಚಾರಕ್ಕೆ ಕಂಪನಿ ಮುಚ್ಚಿದ, 'ಗಾನ್ ವಿತ್ ದ ವಿಂಡ್' ಪಾಲನ್ನೂ ಮಾರಿದ. ಆಮೇಲೆ ತನ್ನ ಒಪ್ಪಂದದಲ್ಲಿದ್ದ ನಟರನ್ನು, ನಿರ್ದೇಶಕರನ್ನು ಬೇರೆ ಸ್ಟುಡಿಯೋಗಳಿಗೆ ಬಾಡಿಗೆಗೆ ಕೊಡುತ್ತಿದ್ದ. 'ಕಾಸಾಬ್ಲಾಂಕಾ'ಗೆ ಇಂಗ್ರಿಡ್ ಬರ್ಗ್‌ಮನ್‌ಳನ್ನು ಕೊಟ್ಟವನು ಅವನೇ, ಬದಲಿಗೆ ವಾರ್ನರ್‌ನಿಂದ ಒಲಿವಿಯಾ ಡಿ ಹ್ಯಾವಿಲಂಡ್‌ಳನ್ನು ಪಡೆದ. 1946ರ 'ನಟೋರಿಯಸ್' ಇನ್ನೂ ಚೆನ್ನಾಗಿದೆ: ಕಥೆ, ನಿರ್ದೇಶಕ ಹಿಚ್‌ಕಾಕ್, ನಟಿ ಬರ್ಗ್‌ಮನ್ ಎಲ್ಲವನ್ನೂ ಒಂದೇ ಕಟ್ಟು ಮಾಡಿ ಆರ್‌ಕೆಓಗೆ 8 ಲಕ್ಷ ಡಾಲರ್ ಮತ್ತು ಅರ್ಧ ಲಾಭಕ್ಕೆ ಮಾರಿದ. ಆದ್ದರಿಂದ ಪಟ್ಟಿಯಲ್ಲಿ 'ಬಾಡಿಗೆ ಮತ್ತು ಮಾರಾಟ' ಅಂತ ಒಂದು ಕಾಲಂ ಸೇರಿಸಿ. ಹೆಸರಿಲ್ಲದ ವರ್ಷಗಳು ಎಷ್ಟೋ ಸಲ ಅಲ್ಲಿ ತುಂಬಿಕೊಳ್ಳುತ್ತವೆ.

ಎಲ್ಲಾ ಖಾಲಿ ಜಾಗಕ್ಕೂ ಇಷ್ಟು ಸುಖದ ಕಾರಣ ಇರುವುದಿಲ್ಲ. ಏಡ್ರಿಯನ್ ಸ್ಕಾಟ್ 1947ರಲ್ಲಿ 'ಕ್ರಾಸ್‌ಫೈರ್' ನಿರ್ಮಿಸಿದ, ಅದು ಅತ್ಯುತ್ತಮ ಚಿತ್ರದ ಆಸ್ಕರ್‌ಗೆ ನಾಮನಿರ್ದೇಶನ ಆಯಿತು. ಅದೇ ವರ್ಷ ಹಾಲಿವುಡ್‌ನಲ್ಲಿ ಕಮ್ಯುನಿಸ್ಟರಿದ್ದಾರಾ ಅಂತ ಅಮೆರಿಕ ಸಂಸತ್ತಿನ ಸಮಿತಿ ನಡೆಸಿದ ವಿಚಾರಣೆಯಲ್ಲಿ ಪ್ರಶ್ನೆಗೆ ಉತ್ತರಿಸದ 'ಹಾಲಿವುಡ್ ಟೆನ್' ಗುಂಪಿನಲ್ಲಿ ಅವನಿದ್ದ. ನವೆಂಬರ್‌ನಲ್ಲಿ ಆರ್‌ಕೆಓ ಕೆಲಸದಿಂದ ತೆಗೆಯಿತು, ಮುಂದೆ ಜೈಲೂ ಆಯಿತು. 1947ರಲ್ಲಿ ಯಾರ ಪಟ್ಟಿಯಾದರೂ ಇದ್ದಕ್ಕಿದ್ದಂತೆ ನಿಂತರೆ ಮೊದಲು ಈ ಕಡೆ ನೋಡಿ.

ಲೆಕ್ಕ ಮತ್ತು ಕಾಗದ

ದುಡ್ಡಿನ ಲೆಕ್ಕದಲ್ಲಿ ಒಂದು ಎಚ್ಚರ. ಚಿತ್ರದ ಗಳಿಕೆ ಅಂತ ಹಳೇ ಪತ್ರಿಕೆಗಳಲ್ಲಿ ಕಾಣುವ ಅಂಕಿ ಸಾಮಾನ್ಯವಾಗಿ ವಿತರಕನಿಗೆ ಚಿತ್ರಮಂದಿರಗಳಿಂದ ಬಂದ ಬಾಡಿಗೆ, ಟಿಕೆಟ್ ಮಾರಾಟದ ಮೊತ್ತ ಅಲ್ಲ. ಅದರಲ್ಲೂ ವಿತರಣೆ, ಪ್ರಿಂಟು, ಜಾಹೀರಾತಿನ ಖರ್ಚು ಕಳೆಯಬೇಕು. 1939ರ 'ದಿ ವಿಝರ್ಡ್ ಆಫ್ ಓಝ್' ಸುಮಾರು 28 ಲಕ್ಷ ಡಾಲರ್‌ನಲ್ಲಿ ತಯಾರಾಗಿ, ಮೊದಲ ಬಿಡುಗಡೆಯಲ್ಲಿ ಸುಮಾರು 30 ಲಕ್ಷ ತಂದಿತು. ಲಾಭ ಅನಿಸುತ್ತದೆ, ಅಲ್ವಾ? ಎಂಜಿಎಂ ಪುಸ್ತಕದಲ್ಲಿ 11 ಲಕ್ಷಕ್ಕೂ ಮೀರಿದ ನಷ್ಟ ಅಂತ ಬರೆದಿದೆ. ನಿರ್ಮಾಪಕ ಮರ್ವಿನ್ ಲೆರಾಯ್ ಬೇಗನೇ ನಿರ್ದೇಶನಕ್ಕೆ ಮರಳಿದ. ಆ ಚಿತ್ರದಲ್ಲಿ ಪರದೆಗೆ ಹೆಸರಿಲ್ಲದೆ ಸಹಾಯಕನಾಗಿದ್ದ ಹಾಡು ಬರೆಯುವ ಆರ್ಥರ್ ಫ್ರೀಡ್ ಮುಂದೆ ಎಂಜಿಎಂ ಮ್ಯೂಸಿಕಲ್‌ಗಳ ದೊಡ್ಡ ನಿರ್ಮಾಪಕನಾದ.

ಈ ಅಂಕಿಗಳು ಬರೋದು ಎಂಜಿಎಂ ಅಧಿಕಾರಿ ಎಡ್ಡಿ ಮ್ಯಾನಿಕ್ಸ್ ಹೆಸರಿನ ಲೆಡ್ಜರ್‌ನಿಂದ. ಅದು ಬೆವರ್ಲಿ ಹಿಲ್ಸ್‌ನ ಮಾರ್ಗರೆಟ್ ಹೆರಿಕ್ ಲೈಬ್ರರಿಯಲ್ಲಿದೆ. ಅದನ್ನು ಆಧರಿಸಿದ ಅಂಕಿಗಳು ಈಗ ಎಲ್ಲಾ ಕಡೆ ಸಿಗುತ್ತವೆ, ಹಾಗಾಗಿ ಅಲ್ಲಿಗೆ ಹೋಗಬೇಕಿಲ್ಲ. ಅದೇ ಲೈಬ್ರರಿಯಲ್ಲಿ ಪ್ರೊಡಕ್ಷನ್ ಕೋಡ್ ಕಚೇರಿಯ, ಅಂದರೆ ಚಿತ್ರರಂಗ ತಾನೇ ಇಟ್ಟುಕೊಂಡ ಸೆನ್ಸಾರ್ ಕಚೇರಿಯ, ಕಡತಗಳಿವೆ. 1934ರಿಂದ ಜೋಸೆಫ್ ಬ್ರೀನ್ ಕೈಕೆಳಗೆ ಪ್ರತಿ ಚಿತ್ರಕಥೆಯೂ ಆ ಕಚೇರಿಗೆ ಹೋಗಬೇಕಿತ್ತು, ಅಲ್ಲಿಂದ ಬಂದ ಪತ್ರಗಳ ದಿನಾಂಕ ನೋಡಿದರೆ ಯಾವ ತಿಂಗಳು ಕಥೆ ಹೇಗಿತ್ತು ಅಂತ ಗೊತ್ತಾಗುತ್ತದೆ. ವಾರ್ನರ್ ಕಾಗದಪತ್ರಗಳು ಲಾಸ್ ಏಂಜಲಿಸ್‌ನ ಯುಎಸ್‌ಸಿ ವಿಶ್ವವಿದ್ಯಾಲಯದಲ್ಲಿ, ಸೆಲ್ಜ್ನಿಕ್‌ದು ಆಸ್ಟಿನ್‌ನ ಹ್ಯಾರಿ ರ‍್ಯಾನ್ಸಮ್ ಸೆಂಟರ್‌ನಲ್ಲಿ. ವಾರ್ನರ್ ಬಗ್ಗೆ ಇಷ್ಟು ವಿವರ ಉಳಿದಿರುವುದಕ್ಕೆ ಅವರ ಮೆಮೊ ಹಾಳೆಯೂ ಕಾರಣ ಇರಬೇಕು. ಬಾಯಿಮಾತಿನಿಂದ ತಡ, ಗೊಂದಲ ಆಗುತ್ತದೆ, ಬರೆದೇ ಕೊಡಿ ಅಂತ ಅದರ ಮೇಲೇ ಅಚ್ಚಾಗಿರುತ್ತಿತ್ತು.

ಮನೆಯಲ್ಲೇ ಕೂತು ಓದೋಕೆ ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿ ಸಾಕಷ್ಟಾಯಿತು. ಫಿಲ್ಮ್ ಡೈಲಿ, ಮೋಷನ್ ಪಿಕ್ಚರ್ ಹೆರಾಲ್ಡ್, ವೆರೈಟಿಯಂಥ ವ್ಯಾಪಾರ ಪತ್ರಿಕೆಗಳ ಹಳೇ ಸಂಚಿಕೆಗಳು ಸ್ಕ್ಯಾನ್ ಆಗಿವೆ, 'ಲ್ಯಾಂಟರ್ನ್' ಅನ್ನುವ ಹುಡುಕಾಟದ ಸಾಧನವೂ ಇದೆ. ಹೆಸರು ಹಾಕಿ ಹುಡುಕುವಾಗ ನಡುವಿನ ಇನಿಷಿಯಲ್ (ಡೇವಿಡ್ ಓ. ಸೆಲ್ಜ್ನಿಕ್‌ನಲ್ಲಿ 'ಓ' ಇದ್ದ ಹಾಗೆ) ಹಾಕಿಯೂ ಬಿಟ್ಟೂ ಹುಡುಕಿ. ಚಿತ್ರದ ಕೆಲಸದ ಹೆಸರಿನಿಂದಲೂ ಹುಡುಕಿ, ಏಕೆಂದರೆ ಬಿಡುಗಡೆಗೆ ಮುಂಚಿನ ಸುದ್ದಿಯೆಲ್ಲಾ ಆ ಹೆಸರಲ್ಲೇ ಇರುತ್ತದೆ. ಆದರೆ ಘೋಷಣೆಗಳನ್ನು ಪಟ್ಟಿಗೆ ಹಾಕಬೇಡಿ. ಚಿತ್ರಗಳನ್ನು ತಯಾರಿಗೆ ಮುಂಚೆಯೇ ಗುತ್ತಿಗೆಯಲ್ಲಿ ಚಿತ್ರಮಂದಿರಗಳಿಗೆ ಮಾರುತ್ತಿದ್ದ ಕಾಲ ಅದು, ಹಾಗಾಗಿ ಸೀಸನ್ ಶುರುವಿನಲ್ಲಿ ಹೇಳಿದ ಎಷ್ಟೋ ಚಿತ್ರಗಳು ಹುಟ್ಟಲೇ ಇಲ್ಲ. ಫ್ಯಾನ್ ಪತ್ರಿಕೆಗಳನ್ನು ಮಜಕ್ಕೆ ಓದಿ. ನಿರ್ಮಾಪಕರ ಆತ್ಮಕಥೆಗಳನ್ನು ಕೊನೆಗೆ ಓದಿ, ಪಟ್ಟಿ ಪಕ್ಕದಲ್ಲಿಟ್ಟುಕೊಂಡು.

1948 ಬಂತೆಂದರೆ ಪಟ್ಟಿಯ ರೂಪವೇ ಬದಲಾಗುತ್ತದೆ. ಆ ವರ್ಷ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಪ್ಯಾರಮೌಂಟ್ ಮೊಕದ್ದಮೆಯಲ್ಲಿ ಸ್ಟುಡಿಯೋಗಳ ವಿರುದ್ಧ ತೀರ್ಪು ಕೊಟ್ಟಿತು, ದೊಡ್ಡ ಸ್ಟುಡಿಯೋಗಳು ಒಂದೊಂದಾಗಿ ತಮ್ಮ ಚಿತ್ರಮಂದಿರಗಳನ್ನು ಬಿಡಬೇಕಾಯಿತು. ಜೊತೆಗೆ ಟಿವಿ. ತಮ್ಮದೇ ಚಿತ್ರಮಂದಿರಗಳನ್ನು ತುಂಬಿಸಲು ವರ್ಷಕ್ಕೆ ಇಷ್ಟು ಚಿತ್ರ ಬೇಕೇಬೇಕು ಅನ್ನುವ ಒತ್ತಡ ಹೋದ ಮೇಲೆ ಸಂಬಳದ ನಿರ್ಮಾಪಕರೂ ಅಷ್ಟೊಂದು ಬೇಕಾಗಲಿಲ್ಲ. ಇಲ್ಲಿಂದಾಚೆ ಕಂಪನಿಗಳ ಹೆಸರು ಜಾಸ್ತಿಯಾಗುತ್ತವೆ, ಸ್ಟುಡಿಯೋ ಬರೀ ಹಣಕಾಸು ಮತ್ತು ವಿತರಣೆ ಆಗುತ್ತದೆ.

ಯಾರಿಂದ ಶುರು ಮಾಡೋದು

ಜಾನಕ್, ಸೆಲ್ಜ್ನಿಕ್ ಅಂಥವರಿಂದ ಶುರು ಮಾಡಬೇಡಿ, ಮುಗಿಯೋದೇ ಇಲ್ಲ. ವಾಲ್ ಲೂಟನ್ ತೆಗೆದುಕೊಳ್ಳಿ. ಸೆಲ್ಜ್ನಿಕ್ ಹತ್ತಿರ ಕಥಾ ವಿಭಾಗದಲ್ಲಿದ್ದವನು, 1942ರಲ್ಲಿ ಆರ್‌ಕೆಓಗೆ ಕಡಿಮೆ ಖರ್ಚಿನ ಭಯಾನಕ ಚಿತ್ರಗಳ ಘಟಕ ನಡೆಸಲು ಬಂದ. ಷರತ್ತು ಸ್ಪಷ್ಟ: ಒಂದೂವರೆ ಲಕ್ಷ ಡಾಲರ್ ಮೀರಬಾರದು, 75 ನಿಮಿಷ ಮೀರಬಾರದು, ಚಿತ್ರದ ಹೆಸರು ಸ್ಟುಡಿಯೋ ಕೊಡುತ್ತದೆ. ಬಾಸ್ ಚಾರ್ಲ್ಸ್ ಕರ್ನರ್ 'ಕ್ಯಾಟ್ ಪೀಪಲ್' ಅಂತ ಹೆಸರು ಕೊಟ್ಟ, ಆ ಹೆಸರಿಗೆ ಕಥೆ ಹುಟ್ಟಿಸೋದು ಲೂಟನ್ ಪಾಲಿಗೆ. ಬೇರೆ ಚಿತ್ರಕ್ಕೆ ಹಾಕಿದ್ದ ಸೆಟ್ಟಿನ ಮೆಟ್ಟಿಲನ್ನೇ ಬಳಸಿದ, ಚಿರತೆಯನ್ನು ಆದಷ್ಟು ತೋರಿಸದೆ ನೆರಳಿನಲ್ಲಿ ಮುಗಿಸಿದ, ಚಿತ್ರ ದುಡ್ಡು ಮಾಡಿತು. ಎಡಿಟರ್‌ಗಳಾಗಿದ್ದ ಮಾರ್ಕ್ ರಾಬ್ಸನ್, ರಾಬರ್ಟ್ ವೈಸ್ ಇಬ್ಬರನ್ನೂ ನಿರ್ದೇಶಕರನ್ನಾಗಿ ಮಾಡಿದ. ಚಿತ್ರಕಥೆಗಳನ್ನು ತಾನೇ ತಿದ್ದಿ ಬರೆಯುತ್ತಿದ್ದ, ಎರಡು ಚಿತ್ರಗಳಲ್ಲಿ 'ಕಾರ್ಲೋಸ್ ಕೀತ್' ಅನ್ನುವ ಹೆಸರಲ್ಲಿ ಅದಕ್ಕೆ ಟೈಟಲ್ಸ್‌ನಲ್ಲಿ ಜಾಗವೂ ಪಡೆದ.

1942ರಿಂದ 1946ರವರೆಗೆ ಒಂಬತ್ತು ಭಯಾನಕ ಚಿತ್ರಗಳು, ಅವುಗಳ ನಡುವೆ ಬೇರೆ ಬಗೆಯ ಎರಡು. ಎಲ್ಲವೂ ಚಿಕ್ಕವು. ತಯಾರಾದ ಕ್ರಮದಲ್ಲೇ ನೋಡಿ, ನಿರ್ದೇಶಕರು ಮೂರ್ನಾಲ್ಕು ಸಲ ಬದಲಾದರೂ ಕತ್ತಲೆ, ಮೌನ, ಒಬ್ಬಂಟಿ ನಡಿಗೆ ಬದಲಾಗುವುದಿಲ್ಲ. ಆಮೇಲೆ ಅವನ ಕೊನೆಯ ಮೂರು ಸಾಲು ತುಂಬಿಸಿ: 1949ರಲ್ಲಿ ಪ್ಯಾರಮೌಂಟ್, 1950ರಲ್ಲಿ ಎಂಜಿಎಂ, 1951ರಲ್ಲಿ ಯೂನಿವರ್ಸಲ್. ಮೂರು ಚಿತ್ರ, ಮೂರು ಸ್ಟುಡಿಯೋ, ಯಾವುದರಲ್ಲೂ ಹಳೇ ತಂಡ ಇಲ್ಲ. 1951ರ ಮಾರ್ಚ್‌ನಲ್ಲಿ 46ನೇ ವಯಸ್ಸಿಗೆ ಅವನು ತೀರಿಕೊಂಡ. ಈ ಮೂರು ಸಾಲು ಹೀಗೆ ಯಾಕೆ ಚದುರಿವೆ ಅಂತ ಚಿತ್ರಗಳಲ್ಲಿ ಹುಡುಕಿದರೆ ಉತ್ತರ ಪೂರ್ತಿ ಸಿಗುವುದಿಲ್ಲ, ಬಾಸ್ ಕಾಲಂ ನೋಡಬೇಕು. ಚಾರ್ಲ್ಸ್ ಕರ್ನರ್ 1946ರ ಶುರುವಿನಲ್ಲೇ ತೀರಿಕೊಂಡಿದ್ದ.